ಟೇಲೆಂಡ್ ಮಾಸ್ತರರ ಪಾಳಿ

ಡಾಂಬರು ಗುಳಿಗೆಯ ವಾಸನೆ ಬಂದದ್ದು ಬಟ್ಟೆಯ ಟ್ರಂಕಿನಿಂದಲ್ಲ, ಕಂಪ್ಯೂಟರಿನ ಹೊಟ್ಟೆಯಿಂದ. ಹೋದ ವಾರ ನಮ್ಮ ಶಾಲೆಯ ಹಳೆಯ ಯಂತ್ರಗಳನ್ನು ಗುಜರಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇನ್ನು ಕೆಲವೇ ತಿಂಗಳಿಗೆ ನನ್ನ ನಿವೃತ್ತಿ. ಹೋಗುವವಳ ಕೈಯಿಂದಲೇ ಹಳೆಯದನ್ನೆಲ್ಲ ಹೊರಗೆ ಹಾಕಿಸಿಬಿಡೋಣ ಎಂದು ಮುಖ್ಯ ಗುರುಗಳಿಗೆ ಅನ್ನಿಸಿರಬೇಕು. ಬೀರುವಿನಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಒಂದು ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಧೂಳಿನ ನಡುವೆ ಒಂದು ಪುಟ್ಟ ಬಟ್ಟೆಯ ಗಂಟು... ಇಳಕಲ್ ಸೀರೆಯ ಕೆಂಪು ಸೆರಗಿನ ಚೂರು, ಬಾಯಿ ಹೊಲಿದದ್ದು. ಒಳಗಿನ ಗುಳಿಗೆ ಕರಗಿ ಸಾಸಿವೆ ಕಾಳಿನಷ್ಟಾಗಿತ್ತು, ವಾಸನೆ ಮಾತ್ರ ಇನ್ನೂ ಇತ್ತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ನಾನು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಆ ಗಂಟನ್ನು ಅಲ್ಲಿಟ್ಟವರು ಕೊಂಕಲ್‌ ಕಡೆಯ ಒಂದು ಹಳ್ಳಿಯ ಹಿಂದಿ ಮಾಸ್ತರರು. ಅವರಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರಿತ್ತು, ಆದರೆ ನಾವು ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ಎಲ್ಲರಿಗೂ ಅವರು ಟೇಲೆಂಡ್ ಮಾಸ್ತರರು. ನನ್ನ ಫೋನಿನಲ್ಲೂ ಅವರ ನಂಬರು ಇವತ್ತಿಗೂ ‘ಟೇಲೆಂಡ್ ಸರ್’ ಎಂದೇ ಇದೆ.

ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದ ಕಾಲ ಅದು. ಯಾದಗಿರಿ ಜಿಲ್ಲೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಕಾಲುವೆ ಬಂದು ನಮ್ಮ ಕಡೆಯ ಹೊಲಗಳ ಬಣ್ಣವೇ ಬೇರೆಯಾಗಿತ್ತು, ಜೋಳ ಬಿತ್ತುತ್ತಿದ್ದ ಕೈಗಳು ನೆಲ್ಲು ಹಚ್ಚುವುದನ್ನು ಕಲಿತಿದ್ದವು. ಕಂಪ್ಯೂಟರ್ ಕಲಿಸಲು ಗುತ್ತಿಗೆಯ ಮೇಲೆ ಬಂದಿದ್ದ ಹುಡುಗರು ಗುತ್ತಿಗೆ ಮುಗಿದ ದಿನ ಬ್ಯಾಗು ಹೆಗಲಿಗೇರಿಸಿ ಹೋಗಿಬಿಟ್ಟರು. ಪ್ರತಿ ಶಾಲೆಯಲ್ಲಿ ಉಳಿದದ್ದು ಒಂದು ಕೋಣೆ, ಆ ಕೋಣೆಗೊಂದು ಕೀಲಿ. ಕೀಲಿಕೈಯನ್ನು ಮುಖ್ಯ ಗುರುಗಳು ಯಾರೋ ಒಬ್ಬ ಬಡಪಾಯಿ ಶಿಕ್ಷಕರ ಕೈಗೆ ಹಾಕಿದರು. ಶಹಾಪುರದ ನಮ್ಮ ಶಾಲೆಯಲ್ಲಿ ಗಣಿತದ ನನಗೆ, ಆ ಹಳ್ಳಿಯಲ್ಲಿ ಹಿಂದಿಯ ಈ ಮಾಸ್ತರರಿಗೆ, ಗುರುಮಠಕಲ್‌ನಲ್ಲಿ ಡ್ರಿಲ್ ಮಾಸ್ತರರಿಗೆ. ಯಾರಿಗೂ ಆ ವಿದ್ಯೆ ಬರುತ್ತಿರಲಿಲ್ಲ. ಕಾಗದದ ಮೇಲೆ ನಮಗೆ ತಂತ್ರಜ್ಞಾನ ಸಂಯೋಜಕರು ಎಂದು ಭಾರೀ ಹೆಸರು. ಸ್ಟಾಫ್ ರೂಮಿನಲ್ಲಿ ಮಾತ್ರ ನಾವು ಕೀಲಿಕೈ ಮಾಸ್ತರರು. ಏನಾದರೂ ಕಳುವಾದರೆ ಸಿಕ್ಕಿಬೀಳುವ ಕೊರಳು ನಮ್ಮದು. ಹಾಗಾಗಿ ಕೀಲಿ ತೆಗೆಯದೆ ಇರುವುದೇ ಜಾಣತನ ಎಂದು ಬಹಳ ಮಂದಿ ತಿಳಿದಿದ್ದರು.

ಟೇಲೆಂಡ್ ಮಾಸ್ತರರನ್ನು ನಾನು ಮೊದಲು ನೋಡಿದ್ದು ಯಾದಗಿರಿಯಲ್ಲಿ ನಡೆದ ತರಬೇತಿಯಲ್ಲಿ. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಕೊನೆಯಲ್ಲಿ ಪ್ರಶ್ನೆ ಕೇಳಿ ಎಂದರು. ಮುಂದಿನ ಸಾಲಿನಲ್ಲಿದ್ದ ಪೇಟೆಯ ಶಾಲೆಯವರು ಕೇಳಿದರು, ಮತ್ತೆ ಅವರೇ ಕೇಳಿದರು. ನಾನೂ ಆ ಸಾಲಿನಲ್ಲೇ ಇದ್ದೆ, ಗೊತ್ತಿದ್ದದ್ದನ್ನೇ ಗೊತ್ತಿದೆ ಎಂದು ತೋರಿಸಲು ಎರಡು ಪ್ರಶ್ನೆ ಕೇಳಿದೆ. ಹಿಂದಿನ ಸಾಲಿನಲ್ಲಿ ಹಳ್ಳಿಯವರು ಗಡಿಯಾರ ನೋಡಿಕೊಂಡು ಚೀಲ ಎತ್ತಿಕೊಳ್ಳತೊಡಗಿದರು. ಆಗ ಬಿಳಿ ಅಂಗಿಯ, ಮೀಸೆಗೆ ಆಗಷ್ಟೇ ಬಿಳುಪು ಬರುತ್ತಿದ್ದ ಒಬ್ಬರು ಎದ್ದು ನಿಂತರು.

“ಸರ, ನಾವು ಟೇಲೆಂಡಿನವರು ಅದೀವ್ರಿ. ನೀರು ನಮ್ಮ ಕಡಿ ಬರೋದ್ರಾಗ ಬಸ್ ಹೋಗ್ತದ,” ಅಂದರು.

ಸಭೆಯೆಲ್ಲ ನಕ್ಕಿತು. ಬೆಂಗಳೂರಿನವರಿಗೆ ಅರ್ಥವಾಗಲಿಲ್ಲ. ಕಾಲುವೆಯ ಬಾಯಿಯ ಹೊಲಗಳಿಗೆ ‘ಹೆಡ್’ ಎಂದೂ, ಎಲ್ಲರ ಹೊಲ ತೊಯ್ದ ಮೇಲೆ ಉಳಿದರೆ ನೀರು ಕಾಣುವ ಕೊನೆಯ ಹೊಲಗಳಿಗೆ ‘ಟೇಲೆಂಡ್’ ಎಂದೂ ನಮ್ಮ ಕಡೆ ಹಸುಗೂಸಿಗೂ ಗೊತ್ತು. ಅವರ ಊರು ಉಪಕಾಲುವೆಯ ಕಟ್ಟಕಡೆಯ ಊರು. ಅಲ್ಲಿ ಕಾಲುವೆ ಇತ್ತು, ನೀರು ಇರಲಿಲ್ಲ. ಆಟವಾಡುವ ಮಕ್ಕಳಿಗೆ ಅದು ಜಾರುಬಂಡೆಯಾಗಿತ್ತು.

ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವರು, ನಾನು, ಗುರುಮಠಕಲ್ಲಿನ ಡ್ರಿಲ್ ಮಾಸ್ತರರು ಒಂದೇ ಬೆಂಚಿನಲ್ಲಿ ಕುಳಿತು ಮಿರ್ಚಿ ಭಜಿ ತಿಂದೆವು. ನಿಮ್ಮ ಪ್ರಶ್ನೆ ಏನಿತ್ತು ಎಂದು ನಾನೇ ಕೇಳಿದೆ. ಅವರ ಪ್ರಶ್ನೆ ಬಹಳ ಸಣ್ಣದು. ಕರೆಂಟು ಹೋಗಿ ಬಂದ ಮೇಲೆ ಯಂತ್ರ ಕೂಗುತ್ತದೆ, ಏಳುವುದಿಲ್ಲ, ಏನು ಮಾಡಬೇಕು? ಡ್ರಿಲ್ ಮಾಸ್ತರರು, “ನಮ್ದೂ ಹಂಗೇ ಒದರ್ತದ, ಒಳಗಿನ ಪಟ್ಟಿ ತೆಗದು ಒರಸಿ ಹಾಕ್ರಿ, ಅಷ್ಟೇ,” ಅಂದರು. ಟೇಲೆಂಡ್ ಮಾಸ್ತರರು ಅವರ ಮುಖವನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನೋಡ್ರಿ ಟೀಚರ, ದಿನಾಪೂರ್ತಿ ಕುಂತ್ರೂ ಸಿಗಲಿಲ್ಲ, ಭಜಿ ತಿನ್ನೂದ್ರಾಗ ಸಿಕ್ತು. ನಾವಽ ತಿಂಗಳಿಗೊಮ್ಮೆ ಕೂಡೋಣು,” ಅಂದರು.

ಹಾಗೆ ಹುಟ್ಟಿದ್ದು ನಮ್ಮ ಕೀಲಿಕೈ ಬಳಗ. ಯಾದಗಿರಿಗೂ ಸುರಪುರಕ್ಕೂ ನಡುವೆ ಶಹಾಪುರ. ಬೆಳಗಿನ ಶಾಲೆ ಬಿಟ್ಟ ಮೇಲೆ ತಿಂಗಳ ಕೊನೆಯ ಶನಿವಾರ ನಮ್ಮ ಶಾಲೆಯಲ್ಲೇ ಸೇರುವುದೆಂದಾಯಿತು. ಮಲಗಿದ ಬುದ್ಧನ ಗುಡ್ಡ ಕಾಣುವ ಕಿಟಕಿಯ ಕೋಣೆ. ಜನ ಬಂದರು. ಬರುವಾಗ ಬುತ್ತಿ ತಂದರು, ಟೇಲೆಂಡ್ ಮಾಸ್ತರರ ಮನೆಯ ಕಟಕ ರೊಟ್ಟಿ ಶೇಂಗಾ ಹಿಂಡಿಗೆ ಎಲ್ಲರೂ ಕಾಯುತ್ತಿದ್ದರು. ಸರಕಾರದ ಆದೇಶವಿರಲಿಲ್ಲ, ಹಾಜರಿ ಇರಲಿಲ್ಲ. ಆದೇಶವಿಲ್ಲದೆ ಮಾಸ್ತರರು ಶನಿವಾರದ ಮಧ್ಯಾಹ್ನ ಮನೆ ಬಿಟ್ಟು ಬರುತ್ತಾರೆಂದರೆ ನಮ್ಮ ಮನೆಯವರೇ ನಂಬಲಿಲ್ಲ.

ಟೇಲೆಂಡ್ ಮಾಸ್ತರರು ಬಳಗಕ್ಕೆ ಕೊಟ್ಟದ್ದು ಒಂದೇ ಒಂದು ಕಟ್ಟಳೆ. ಕೊನೆಯವರಿಂದ ಸುರು. ಅತಿ ದೂರದ ಊರಿನವರು ಮೊದಲು ಬಾಯಿ ತೆರೆಯಬೇಕು, ಶಹಾಪುರದ ನಾನು ಕಡೆಗೆ. ನೀರಿನ ಪಾಳಿ ಇಡುವಾಗ ನ್ಯಾಯಸ್ಥರು ಟೇಲೆಂಡಿನಿಂದ ಸುರುಮಾಡುತ್ತಾರಂತೆ, ಮೇಲಿನವರು ತಮ್ಮ ತೂಬು ಮುಚ್ಚಿ ಕಾಯುತ್ತಾರಂತೆ. “ಎಲ್ಲಿ ಹಂಗ ಮಾಡ್ತಾರ್ರಿ ಸರ?” ಎಂದು ಯಾರೋ ಕೇಳಿದರು. “ಎಲ್ಲೂ ಮಾಡಂಗಿಲ್ಲ. ಇಲ್ಲಾರ ಮಾಡೋಣು ಅಂತ,” ಅಂದರು.

ಗುರುಮಠಕಲ್ಲಿನವರು ತಕರಾರು ತೆಗೆದರು: “ನಮಗ ಕಾಲುವೇನಽ ಇಲ್ಲ. ನಮ್ದು ಎಂಥಾ ಪಾಳಿರಿ?”

“ಹಂಗಾದ್ರ ನಿಮ್ದಽ ಮೊದಲು. ನಮ್ಮಕ್ಕಿಂತ ಕಡೀಗಿ ಅದೀರಿ.”

ನನ್ನನ್ನೂ ಟೇಲೆಂಡ್ ಮಾಸ್ತರರು ಬಿಡುತ್ತಿರಲಿಲ್ಲ. ನನ್ನ ಗಂಡನ ಮನೆಯ ಹೊಲ ಕಾಲುವೆಯ ಬಾಯಿಗೇ ಇದೆ, ವರ್ಷಕ್ಕೆ ಎರಡು ಸಲ ನೆಲ್ಲು. “ನೀವು ಹೆಡ್ಡಿನವರು, ಟೀಚರ. ಹೆಡ್ಡರಲ್ಲ ಮತ್ತ, ಹೆಡ್ಡಿನವರು,” ಎಂದು ಎಲ್ಲರ ಮುಂದೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ಅದರಲ್ಲಿ ಚುಚ್ಚುವಂಥದ್ದು ಏನೂ ಕಾಣುತ್ತಿರಲಿಲ್ಲ.

ಆ ಕಟ್ಟಳೆಯಿಂದ ಏನಾಯಿತು ಎಂಬುದು ನನಗೆ ತಿಳಿದದ್ದು ನಿಧಾನವಾಗಿ. ಒಂದು ಶನಿವಾರ ಬೋನಾಳದ ಕಡೆಯಿಂದ ಹೊಸದಾಗಿ ಬಂದಿದ್ದ ಒಬ್ಬ ಶಿಕ್ಷಕಿ ಎಲ್ಲರಿಗಿಂತ ಮೊದಲು ಎದ್ದು, ತಲೆ ತಗ್ಗಿಸಿ, “ನಾ ಇನ್ನೂ ಕೀಲಿ ತಗದೇ ಇಲ್ರಿ. ಒಳಗ ಹೋಗಾಕ ಅಂಜಿಕಿ ಬರ್ತದ,” ಅಂದಳು. ಅಷ್ಟು ಕೇಳಿದ ಮೇಲೆ ಪೇಟೆಯ ಶಾಲೆಯವರು ತಮ್ಮ ಸ್ಲೈಡು, ತಮ್ಮ ಜಂಬ ಎಲ್ಲ ಚೀಲದಲ್ಲೇ ಇಟ್ಟುಕೊಂಡರು. ಅವತ್ತಿನ ಮಾತೆಲ್ಲ ಆ ಕೀಲಿ ತೆಗೆಯುವುದರ ಸುತ್ತಲೇ ಆಯಿತು. ಮುಂದಿನ ವಾರ ನಾವು ನಾಲ್ಕು ಮಂದಿ ಅವಳ ಶಾಲೆಗೇ ಹೋದೆವು. ಮೊದಲು ಮಾತಾಡಿದ್ದು ನಾನಾಗಿದ್ದರೆ ಆ ಹುಡುಗಿ ಬಾಯಿ ಬಿಡುತ್ತಿರಲಿಲ್ಲ.

ಟೇಲೆಂಡ್ ಮಾಸ್ತರರಿಗೆ ಕಂಪ್ಯೂಟರ್ ಭಾಳ ಬರುತ್ತಿತ್ತು ಎಂದೇನಲ್ಲ. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರು. ಮೌಸಿಗೆ ಇಲಿ ಎಂದೇ ಅನ್ನುತ್ತಿದ್ದರು, ಅದರ ಜೊತೆ ನಿಜವಾದ ಇಲಿಗಳ ಕಾಟ ಬೇರೆ. “ಮ್ಯಾಲಿನವರ ನೆಲ್ಲು ಕೊಯ್ಲಾತಂದ್ರ ಇಲಿಗೋಳು ನಮ್ಮೂರ ಹಾದಿ ಹಿಡೀತಾವ. ಟೇಲೆಂಡಿಗೆ ನೀರು ಬರಂಗಿಲ್ಲ, ಇಲಿ ತಪ್ಪಂಗಿಲ್ಲ.” ವೈರು ಕಡಿಯದಿರಲಿ ಎಂದು ಪ್ರತಿ ಯಂತ್ರದೊಳಗೆ ಡಾಂಬರು ಗುಳಿಗೆಯ ಗಂಟು ಇಡುತ್ತಿದ್ದರು. ಒಮ್ಮೆ ಬಳಗದವರೆಲ್ಲ ಅವರ ಮನೆಗೆ ಊಟಕ್ಕೆ ಹೋದಾಗ ಅವರ ಮನೆಯಾಕೆ ಪಡಸಾಲೆಯಲ್ಲಿ ಕುಳಿತು ಹಳೆಯ ಸೀರೆಯ ಚೂರುಗಳಿಗೆ ಸೂಜಿ ಹಾಕುತ್ತಿದ್ದುದನ್ನು ನಾನು ನೋಡಿದ್ದೆ. “ಕಂಪೂಟರಿಗೆ ಕುಬಸ ಹೊಲೀಲಾಕತ್ತೀನ್ರಿ ಅಕ್ಕೋರ,” ಎಂದು ನಕ್ಕಿದ್ದರು.

ಆ ಕಂಪ್ಯೂಟರ್ ಕೋಣೆಯ ಮೇಲೆ ಮಾಸ್ತರರಿಗೆ ಅಷ್ಟು ಜೀವ ಯಾಕೆ ಎಂಬುದು ಅವತ್ತೇ ತಿಳಿಯಿತು. ಅವರ ಊರಲ್ಲಿ ಹೆಣ್ಣುಮಕ್ಕಳನ್ನು ಹತ್ತನೆಯ ತರಗತಿಯ ಮೇಲೆ ಹೊರಊರಿಗೆ ಕಳಿಸುತ್ತಿರಲಿಲ್ಲ. ಹತ್ತಿ ಬಿಡಿಸಲು ಹೋದರೆ ಆಯಿತು. “ಈ ಕ್ವಾಣಿ ಬಿಟ್ರ ಅವರ ಬೆರಳು ಇನ್ನೆಲ್ಲೂ ಈ ಯಂತ್ರ ಮುಟ್ಟಂಗಿಲ್ಲ ಟೀಚರ. ಒಮ್ಮ್ಯಾರ ತಮ್ಮ ಹೆಸರು ತಾವು ಹೊಡೀಲಿ,” ಅಂದಿದ್ದರು. ಊಟವಾದ ಮೇಲೆ ಶಾಲೆಗೂ ಕರೆದೊಯ್ದರು, ಕೋಣೆಯ ಗೋಡೆಗೆ ಹುಡುಗಿಯರು ತಾವೇ ಹೊಡೆದ ಹೆಸರುಗಳ ಹಾಳೆಗಳನ್ನು ಅಂಟಿಸಿದ್ದರು. ಕೆಲವು ಹೆಸರಿನಲ್ಲಿ ಒತ್ತಕ್ಷರ ತಪ್ಪಿತ್ತು, ಯಾರೂ ತಿದ್ದಿರಲಿಲ್ಲ.

ಬಳಗದ ಸುದ್ದಿ ಮೇಲಿನವರಿಗೂ ಮುಟ್ಟಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ... ಒಬ್ಬ ಅಧಿಕಾರಿಗಳು ತಾವೇ ಸಭೆಗೆ ಬರುವುದಾಗಿ ಹೇಳಿ ಕಳಿಸಿದರು. ಅಷ್ಟರಲ್ಲಿ ಇನ್ನೊಂದು ಸುದ್ದಿಯೂ ಇತ್ತು. ಬಳಕೆಯಾಗದ ಕಂಪ್ಯೂಟರುಗಳನ್ನು ಮಕ್ಕಳು ಹೆಚ್ಚಿರುವ ಶಾಲೆಗೆ ಸಾಗಿಸುತ್ತಾರೆ ಎಂದು. ಮಾಸ್ತರರ ಶಾಲೆಯದು ಬಳಕೆಯಾಗದ ಕೋಣೆ ಎಂದು ಇಲಾಖೆಯವರು ಮೊದಲೇ ಬರೆದುಕೊಂಡು ಹೋಗಿದ್ದರು, ನೋಡಲು ಬಂದ ದಿನ ಊರಲ್ಲಿ ಕರೆಂಟು ಇರಲಿಲ್ಲವಂತೆ. ಮಾಸ್ತರರು ನನಗೆ ಫೋನು ಮಾಡಿದರು.

“ಟೀಚರ, ಈ ಸಲ ಸಾಹೇಬ್ರ ಮುಂದ ನಂದೊಂದು ಮಾತದ. ಕ್ವಾಣಿ ನಡೀಲಾಕತ್ತದ ಅಂತ ನಾ ಹೇಳ್ತೀನಿ, ನೀವೆಲ್ಲಾ ನೋಡೀರಿ, ಹೌದು ಅಂತ ಒಂದು ಮಾತು ಹೇಳ್ರಿ. ಬಳಗ ಅಂದಮ್ಯಾಲ ಅಷ್ಟಾರ ಆಗ್ತದಲ್ಲ?”

“ಹೇಳ್ತೀವ್ರಿ ಸರ. ಬರ್ರಿ,” ಅಂದೆ.

“ಕೊನಿಯವರಿಂದ ಸುರು ಅದಲ್ಲ, ನಂಗ್ಯಾಕ ಚಿಂತಿ.”

ಅವತ್ತಿನ ಸಭೆ ಸಭೆಯಾಗಿರಲಿಲ್ಲ, ಸಮಾರಂಭವಾಗಿತ್ತು. ನಮ್ಮ ಮುಖ್ಯ ಗುರುಗಳು ಶಾಮಿಯಾನ ಹಾಕಿಸಿದ್ದರು, ಪ್ರಾರ್ಥನೆಗೆ ಹುಡುಗಿಯರನ್ನು ನಿಲ್ಲಿಸಿದ್ದರು. ಯಾರು ಮೊದಲು ಮಾತಾಡಬೇಕೆಂದು ನನ್ನನ್ನೇ ಕೇಳಿದರು. ಸಾಹೇಬರು ಎಷ್ಟು ಹೊತ್ತು ಇರುತ್ತಾರೋ ಏನೋ, ಚೆನ್ನಾಗಿರುವುದನ್ನು ಮೊದಲು ತೋರಿಸಿಬಿಡೋಣ ಎಂದು ನನಗೆ ಅನ್ನಿಸಿತು. ಯಾದಗಿರಿಯವರು, ಆಮೇಲೆ ಸುರಪುರದವರು, ನಡುವೆ ನಮ್ಮ ಶಾಲೆಯ ಮಕ್ಕಳ ಸ್ಲೈಡುಗಳು, ಆಮೇಲೆ ಹಳ್ಳಿಯವರು. ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಆಗಿಹೋಯಿತು. ಕಟ್ಟಳೆ ಮರೆತಿದ್ದೆ ಎಂದು ಹೇಳಿಕೊಳ್ಳಲಾರೆ. ನೆನಪಿತ್ತು. ಸಾಹೇಬರ ಮುಂದೆ ‘ನಾ ಕೀಲಿ ತಗದೇ ಇಲ್ರಿ’ ಎಂದು ಶುರುವಾಗುವ ಸಭೆ ನನಗೆ ಬೇಡವಾಗಿತ್ತು.

ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಹೆಣ್ಣುಮಕ್ಕಳ ಹೆಸರಿನ ಹಾಳೆಗಳನ್ನು ಗೋಡೆಯಿಂದ ಬಿಡಿಸಿ, ಸುರುಳಿ ಸುತ್ತಿ ಹಿಡಿದಿದ್ದರು. ಮೊದಲ ಹೆಸರು ಕೂಗಿದಾಗ ಏಳಲು ಹೋದವರು, ಅದು ಯಾದಗಿರಿಯ ಶಾಲೆಯ ಹೆಸರೆಂದು ತಿಳಿದು ಮತ್ತೆ ಕುಳಿತರು. ಎರಡನೆಯ ಹೆಸರಿಗೆ ಏಳಲಿಲ್ಲ, ನನ್ನ ಕಡೆ ನೋಡಿದರು. ನಾನು ಮೈಕಿನವನ ಕಡೆ ನೋಡಿದೆ. ಡ್ರಿಲ್ ಮಾಸ್ತರರು ಹಿಂದಿನಿಂದ ಬಂದು, “ಟೇಲೆಂಡ್ ಸರ್ರಂದು ತಗೋರಿ ಮೇಡಂ, ಬಸ್ಸಿಗೆ ಟೈಮಾಗ್ತದ,” ಎಂದು ಕಿವಿಯಲ್ಲಿ ಹೇಳಿದರು. “ಇದೊಂದು ಮುಗೀಲಿ,” ಅಂದೆ. ಒಂದು ಮುಗಿದ ಮೇಲೆ ಇನ್ನೊಂದು ಇತ್ತು... ಸಾಹೇಬರು ಸುಸಲಾ ತಿಂದು, ಚಹಾ ಕುಡಿದು, ನನ್ನನ್ನು ಹೊಗಳಿ ಜೀಪು ಹತ್ತಿದರು.

ಹೋಗುವ ಮುನ್ನ ಮಾಸ್ತರರು ನನ್ನ ಹತ್ತಿರ ಬಂದರು. ಬೈದಿದ್ದರೆ ಚೆನ್ನಾಗಿತ್ತು. ಅವರಿಗೆ ಬೈಯಲು ಬರುತ್ತಿತ್ತು, ಎಷ್ಟೋ ಸಲ ಎಲ್ಲರನ್ನೂ ಬೈದಿದ್ದರು. ನಾನು ಕ್ಷಮಿಸ್ರಿ ಎನ್ನಲು ಬಾಯಿ ತೆರೆಯುವುದರೊಳಗೆ, “ಇರ್ಲಿ ಟೀಚರ. ನೀರು ಮ್ಯಾಲೇ ಮುಗೀತು,” ಎಂದು ಕೈ ಮುಗಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಸುರುಳಿ ಕಂಕುಳಲ್ಲೇ ಇತ್ತು.

ಅವರು ಮಾತಾಡಿದ್ದರೆ ಸಾಹೇಬರು ಕೇಳುತ್ತಿದ್ದರೇ? ಗೊತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಸಾಹೇಬರ ಮೇಲೆ ಇನ್ನೊಬ್ಬ ಸಾಹೇಬರಿರುತ್ತಾರೆ. ಇಷ್ಟು ವರ್ಷ ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಒಂದು ಸಲವೂ ಸಮಾಧಾನವಾಗಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು. ಅವರ ಶಾಲೆಯ ಕಂಪ್ಯೂಟರುಗಳು ಸಾಗಿಸಲ್ಪಟ್ಟದ್ದು ಯಾವ ಶಾಲೆಗೆ ಗೊತ್ತೇ? ನಮ್ಮ ಶಾಲೆಗೆ. ಮಕ್ಕಳು ಹೆಚ್ಚು, ಜೊತೆಗೆ ಬಳಗ ನಡೆಸುವ ಶಾಲೆ ಬೇರೆ. ನಾನು ಕೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕಾಲುವೆಯ ಬಾಯಿಯಲ್ಲಿರುವ ಹೊಲ ನೀರು ಕೇಳುವುದಿಲ್ಲ, ಅದರ ಪಾಡಿಗೆ ಅದು ತೊಯ್ಯುತ್ತದೆ.

ಟೆಂಪೋದಲ್ಲಿ ಯಂತ್ರಗಳ ಜೊತೆ ಅವರೇ ಬಂದರು. ಡ್ರೈವರನ ಪಕ್ಕದಲ್ಲಲ್ಲ, ಹಿಂದೆ, ಯಂತ್ರಗಳನ್ನು ಹಿಡಿದುಕೊಂಡು. ಒಂದೊಂದನ್ನೇ ಇಳಿಸುತ್ತ, “ಇದು ತಡದು ಏಳ್ತದ, ಬಡೀಬ್ಯಾಡ್ರಿ. ಇದರ ಇಲಿ ಎಡಕ್ಕ ಓಡಂಗಿಲ್ಲ,” ಎಂದು ಹೇಳಿದರು. ಗೌಡರ ಮನೆಗೆ ಎತ್ತು ಮಾರಿದವರು ಎತ್ತಿನ ಗುಣ ಹೇಳಿಹೋಗುವ ಹಾಗಿತ್ತು. ಕೊನೆಗೆ ತಮ್ಮ ಕೋಣೆಯ ಕೀಲಿ, ಕೀಲಿಕೈ ಎರಡನ್ನೂ ನನ್ನ ಅಂಗೈಯಲ್ಲಿಟ್ಟು, “ಒಳಗ ಗುಳಿಗಿ ಇಟ್ಟೀನಿ. ಕರಗಿದ್ರ ಬದಲಿ ಮಾಡ್ರಿ ಟೀಚರ,” ಅಂದರು. ಮಾಡುತ್ತೇನೆ ಎಂದೆ. ಮಾಡಲಿಲ್ಲ. ವರ್ಷ ಕಳೆಯುವುದರೊಳಗೆ ನಮಗೆ ಹೊಸ ಯಂತ್ರಗಳು ಬಂದವು, ಅವರವು ಬೀರು ಸೇರಿದವು.

ಆಮೇಲೂ ಒಂದೆರಡು ಸಭೆಗೆ ಬಂದರು. ಮಾತಾಡಲು ಹೇಳಿದರೆ, “ಕೀಲಿಕೈ ಇಲ್ಲದವ ಕೀಲಿಕೈ ಬಳಗದಾಗ ಏನು ಮಾತಾಡ್ಬೇಕ್ರಿ,” ಎಂದು ನಕ್ಕುಬಿಟ್ಟರು. ಬುತ್ತಿ ಮಾತ್ರ ತಪ್ಪದೆ ತಂದಿದ್ದರು. ಮುಂದೆ ಬರುವುದು ನಿಂತಿತು. ನಾನು ಹೋಗಬಹುದಿತ್ತು. ಅವರ ಊರಿಗೆ ಬಸ್ಸಿತ್ತು, ನನಗೂ ಭಾನುವಾರಗಳಿದ್ದವು. ಆ ಖಾಲಿ ಕೋಣೆ ನೋಡಬೇಕಾಗುತ್ತದೆ ಎಂದು ಹೋಗಲಿಲ್ಲ.

ಬಳಗ ಈಗ ಬೆಳೆದು ಫೋನಿನೊಳಗೆ ಸೇರಿದೆ. ಜಿಲ್ಲೆಯ ಎಲ್ಲ ತಾಲೂಕಿನವರು, ಆಚೆಯವರೂ ಇದ್ದಾರೆ. ಬೆಳಿಗ್ಗೆ ಏಳುವುದರೊಳಗೆ ಸುತ್ತೋಲೆ, ಶುಭೋದಯ, ಹಬ್ಬದ ಹಾರೈಕೆಗಳ ರಾಶಿ. ಬರುವ ತಿಂಗಳು ಬಳಗದ ಸ್ಥಾಪಕಿ ಎಂದು ನನಗೆ ಶಾಲು ಹೊದಿಸುತ್ತಾರಂತೆ. ಮಾಸ್ತರರದು ಬಟನ್ ಫೋನು, ಅವರನ್ನು ಯಾರೂ ಸೇರಿಸಿರಲಿಲ್ಲ.

ಹೋದ ವಾರ ಆ ಬೆಂಚಿನ ಮೇಲೆ ಕುಳಿತು, ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ‘ಟೇಲೆಂಡ್ ಸರ್’ ನಂಬರು ಒತ್ತಿದೆ. ಶಾಲು ನಿಮಗೆ ಹೊದಿಸಬೇಕ್ರಿ ಸರ, ಬರ್ರಿ ಎನ್ನೋಣ ಅಂದುಕೊಂಡಿದ್ದೆ ಅನ್ನಿಸುತ್ತದೆ. ಎತ್ತಿದವರು ಅವರ ಮನೆಯಾಕೆ. ನನ್ನ ದನಿ ಅವರಿಗೆ ಕೂಡಲೇ ಗುರುತು ಹತ್ತಿತು.

“ಸರ್ ಅದಾರೇನ್ರಿ?”

“ಅವರು ಹೋಗಿ ಎರಡು ಉಗಾದಿ ಆದವಲ್ರಿ ಅಕ್ಕೋರ. ನಿಮಗ ಗೊತ್ತದಲ್ರಿ. ಸಾಲಿ ಮಾಸ್ತರ್ರು ನಿಮ್ಮ ಬಳಗದಾಗ ಹಾಕಿದ್ರು. ಫೋನ್ ತಂದು ನಂಗೂ ತೋರ್ಸಿದ್ರು, ಎಷ್ಟು ಮಂದಿ ಕೈ ಮುಗದಾರ ನೋಡ್ರಿ ಅಂತ.” ಮತ್ತೆ ಅಂದರು, “ಎಲ್ಲಾರಕಿಂತ ಮೊದಲು ನಿಮ್ದೇ ಇತ್ತು. ಅವರ ಜೀವ ತಣ್ಣಗಾಗಿರಬೇಕು ಅಂದ್ಕೊಂಡೆ.”

“ಹೌದ್ರಿ,” ಅಂದೆ.

ಫೋನಿಟ್ಟು ಬಳಗದ ಹಳೆಯ ಸಂದೇಶಗಳನ್ನು ಹಿಂದೆ ಹಿಂದೆ ಸರಿಸುತ್ತ ಹೋದೆ. ಸಿಕ್ಕಿತು. ಒಂದು ಸುತ್ತೋಲೆಗೂ ಹಬ್ಬದ ಹಾರೈಕೆಗೂ ನಡುವೆ, ವಿಷಾದದಿಂದ ತಿಳಿಸುತ್ತೇವೆ ಎಂದು ಶುರುವಾಗಿ, ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು. ಆ ಹೆಸರು ನನಗೆ ಯಾರದೆಂದು ಹೊಳೆದಿರಲಿಲ್ಲ. ಊರು, ಶಾಲೆ, ಹಿಂದಿ ಶಿಕ್ಷಕರು ಎಂಬುದೆಲ್ಲ ಕೆಳಗೆ ಮಡಚಿಕೊಂಡಿತ್ತು. ಬಿಡಿಸಿ ಓದಲು ಒಂದು ಸಲ ಬೆರಳಿಡಬೇಕಿತ್ತು, ಇಟ್ಟಿರಲಿಲ್ಲ. ಚಹಾ ಕುಡಿಯುತ್ತಲೋ ಏನೋ, ಯಾರೋ ಪಾಪ ಎಂದು ಜೋಡಿಸಿದ ಕೈಯ ಚಿತ್ರ ಒತ್ತಿ ಮುಂದಿನ ಸಂದೇಶಕ್ಕೆ ಹೋಗಿದ್ದೆ.

ಅದರ ಕೆಳಗೆ ಸಾಲುಸಾಲು ಮುಗಿದ ಕೈಗಳು. ಮೊದಲನೆಯದು ನನ್ನದು, ಆಮೇಲೆ ಯಾದಗಿರಿಯವರದು, ಸುರಪುರದವರದು. ಬೋನಾಳದ ಆ ಹುಡುಗಿ ಎಲ್ಲರಿಗಿಂತ ಕೊನೆಗೆ, ಕೈಯ ಚಿತ್ರ ಹಾಕದೆ ಬರೆದಿದ್ದಳು: ಇವರು ನಮ್ಮ ಟೇಲೆಂಡ್ ಸರ್ ಅಲ್ಲೇನ್ರಿ? ಅವಳಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.